ತಣ್ಣನೆ ಬೆನ್ನಿನ ಪೆಟ್ಟಿಗೆ

ಕೆಳಗಿನ ಮನೆಯ ಗಡಿಯಾರ ರಿಪೇರಿಯ ಯಜಮಾನರು ಬೆಳಗಿನ ಹೊತ್ತು ಕೆಲಸ ಬಿಟ್ಟು ಏಳುವವರೇ ಅಲ್ಲ. ಅಂಥವರು ಕೊರಳಲ್ಲಿ ಭೂತಗನ್ನಡಿ ನೇತಾಡಿಸಿಕೊಂಡು, ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಬಾಗಿಲು ತಟ್ಟಿದಾಗ ಎಲ್ಲೋ ಏನೋ ಎಡವಟ್ಟಾಗಿದೆ ಎಂದು ಗಾರ್ಡು ಸಾಹೇಬರಿಗೂ ಹೊಳೆಯಿತು. ಗಾರ್ಡು ಸಾಹೇಬರು ಜೀವಮಾನವಿಡೀ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಬಾವುಟ ಬೀಸಿದವರು. ಎಲ್ಲ ದಾಟಿಹೋದ ಮೇಲೆ ನೋಡುವುದು ಅವರಿಗೆ ಅಭ್ಯಾಸ. ಮುಂದೇನಿದೆ ಎಂದು ನೋಡುವ ಕೆಲಸವನ್ನು ಮದುವೆಯಾದ ದಿನದಿಂದಲೂ ಹೆಂಡತಿಗೆ ವಹಿಸಿಬಿಟ್ಟಿದ್ದರು.

ಆ ಹೆಂಡತಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಇಡೀ ಕಟ್ಟಡಕ್ಕೆ ಸಿಸ್ಟರಮ್ಮ. ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ ಜನ ಪೊಲೀಸರಿಗಿಂತ ಮೊದಲು ಇವರ ಮನೆಯ ಗಂಟೆ ಒತ್ತುತ್ತಿದ್ದರು. ಪೊಲೀಸರು ಚಹಾ ಕೊಡುವುದಿಲ್ಲ ಎಂಬುದೂ ಒಂದು ಕಾರಣ ಎಂದು ಗಾರ್ಡು ಸಾಹೇಬರ ಗುಮಾನಿ.

"ಸಿಸ್ಟರಮ್ಮ, ಆ ಹುಡುಗನ ಮಾನ ಉಳಿಸ್ಬೇಕು ನೀವು," ಎಂದರು ಯಜಮಾನರು, ಕೂರುವ ಮೊದಲೇ. "ನಮ್ಮ ಸೊಸೆ ತನ್ನ ಸ್ವಂತ ತಮ್ಮನ್ನೇ ಕಳ್ಳ ಅಂದುಬಿಟ್ಲು. ಅವನು 'ಇನ್ನು ನಿನ್ನ ಮನೆ ಹೊಸ್ತಿಲು ತುಳಿಯಲ್ಲ ಅಕ್ಕಾ' ಅಂತ ಹೇಳಿ ಹೋದವನು ಇವತ್ತಿಗೂ ಬಂದಿಲ್ಲ. ಇವಳು ಅಳೋದು, ಕೆಲಸ ಮಾಡೋದು, ಮತ್ತೆ ಅಳೋದು. ತಾಯಿ ಇಲ್ಲದ ಮಕ್ಕಳು, ಒಬ್ಬರಿಗೊಬ್ಬರು ಅಂತ ಬೆಳೆದೋರು."

"ಏನು ಕದ್ದ ಅಂತೆ?"

"ಪ್ರೊಸೆಸರ್ ಅಂತೆ. ಕಂಪ್ಯೂಟರಿನ ಮಿದುಳು."

ಕತೆ ಇಷ್ಟು. ಸೊಸೆ ಇನ್ನೂ ಕಟ್ಟದ ಮನೆಗಳನ್ನು ಕಟ್ಟಿದಂತೆಯೇ ಕಾಣುವ ಹಾಗೆ ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವವಳು. ಅದಕ್ಕೆ ಬೇಕಾದ ಗಟ್ಟಿ ಕಂಪ್ಯೂಟರನ್ನು ಅವಳ ತಮ್ಮನೇ ಪಕ್ಕದ ಬೀದಿಯ ತನ್ನ ಅಂಗಡಿಯಲ್ಲಿ ಜೋಡಿಸಿಕೊಟ್ಟಿದ್ದ. ಚೆನ್ನಾಗಿಯೇ ಓಡುತ್ತಿತ್ತು. ಈಚೆಗೆ ಗಂಡ ಹೆಂಡತಿ ಒಂದು ಮದುವೆಗೆಂದು ಪರಊರಿಗೆ ಹೋಗಿದ್ದಾಗ ತಮ್ಮ ಬಂದು, ಡಬ್ಬ ಬಿಚ್ಚಿ, ಚಿತ್ರಗಳನ್ನು ತುಂಬಿಡಲು ಇನ್ನೊಂದು ಡಿಸ್ಕ್ ಹಾಕಿ ಹೋಗಿದ್ದ. ಅವರು ವಾಪಸು ಬಂದಾಗಿನಿಂದ ಯಂತ್ರ ಮಧ್ಯಾಹ್ನಕ್ಕೆ ಆಮೆಯಾಗುತ್ತಿತ್ತು, ಸಂಜೆಗೆ ತಾನೇ ಕಣ್ಣು ಮುಚ್ಚುತ್ತಿತ್ತು. ಬೇರೆ ಅಂಗಡಿಯವನೊಬ್ಬ ಬಂದು ಪರದೆ ನೋಡಿ, "ಕೊಂಡ ಪ್ರೊಸೆಸರಿನ ಅರ್ಧ ವೇಗಾನೂ ತೋರಿಸ್ತಿಲ್ಲವಲ್ಲ ಮೇಡಂ, ಇದು ಅದೇನಾ?" ಎಂದು ಕಿಡಿ ಹಾಕಿ ಹೋಗಿದ್ದ.

"ಅವನು ಬಿಚ್ಚಿದಾಗ ನಾನೇ ಎದುರು ಕೂತಿದ್ದೆ," ಎಂದರು ಯಜಮಾನರು. "ಡಿಸ್ಕ್ ಹಾಕಿದ, ಮುಚ್ಚಿದ, ಹೋದ. ಆದ್ರೆ ನನ್ನ ಮಾತು ಯಾರು ಕೇಳ್ತಾರೆ? ಮುದುಕನಿಗೆ ಏನು ಗೊತ್ತು ಅಂತಾರೆ."

ಗಾರ್ಡು ಸಾಹೇಬರು ಗಂಟಲು ಸರಿಮಾಡಿಕೊಂಡರು. "ಸಿಪಿಯು ಅಂದ್ರೆ ಆ ಇಡೀ ಡಬ್ಬಾನೇ ಅಲ್ವಾ? ಡಬ್ಬ ಅಲ್ಲೇ ಇರೋವಾಗ ಕಳವಾಗಿದ್ದು ಹೇಗೆ?"

"ಚಪ್ಪಲಿ ಹಾಕ್ಕೊಳ್ರೀ," ಎಂದರು ಸಿಸ್ಟರಮ್ಮ. ಅದು ಅವರು ಮೊಕದ್ದಮೆ ಕೈಗೆತ್ತಿಕೊಂಡ ಗುರುತು.

ಕೆಳಗಿನ ಮನೆಯ ಮುಂದಿನ ಕೋಣೆಗೆ ಒಳ್ಳೆಯ ಬೆಳಕಿತ್ತು. ಅಲ್ಲಿ ಎರಡು ಮೇಜುಗಳು ಎದುರುಬದುರಾಗಿ, ಅಂಚಿಗೆ ಅಂಚು ತಾಗಿಸಿಕೊಂಡು ನಿಂತಿದ್ದವು. ಈ ಕಡೆ ಸೊಸೆಯ ಪರದೆ ಮತ್ತು ಕಂಪ್ಯೂಟರಿನ ಕಪ್ಪು ಪೆಟ್ಟಿಗೆ. ಪೆಟ್ಟಿಗೆಯ ಬೆನ್ನಿಗೇ ಆ ಕಡೆ ಯಜಮಾನರ ಚಿಮಟ, ಎಣ್ಣೆ ಶೀಶೆ, ಬಿಚ್ಚಿದ ಕೈಗಡಿಯಾರಗಳು. ಹೆಂಡತಿ ತೀರಿಕೊಂಡ ಮೇಲೆ ಯಜಮಾನರು ತಮ್ಮ ಅಂಗಡಿ ಮುಚ್ಚಿ ಕೆಲಸವನ್ನು ಮನೆಗೆ ತಂದುಕೊಂಡಿದ್ದರು. ಮಾವ ಸೊಸೆ ದಿನವಿಡೀ ಹೀಗೆ ಎದುರುಬದುರು ಕೂತು ಕೆಲಸ ಮಾಡುತ್ತಾರೆಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು. ನಡುವೆ ಹತ್ತು ಮಾತೂ ಇರುವುದಿಲ್ಲ, ಆದರೂ ಇಬ್ಬರಿಗೂ ಅದೇ ಹಿತ.

ಸೊಸೆಯ ಕಣ್ಣು ಊದಿತ್ತು. "ನಂಗೇನು ತಮ್ಮನ ಮೇಲೆ ಹಗೆನಾ ಸಿಸ್ಟರಮ್ಮ? ಕಣ್ಣಿಗೆ ಕಾಣೋ ವೇಗಾನೇ ಸುಳ್ಳು ಅನ್ಲಾ?" ಎಂದಳು.

"ಬೆಳಿಗ್ಗೆ ಹಚ್ಚಿದ ತಕ್ಷಣ ಎಷ್ಟು ತೋರಿಸುತ್ತೆ?"

ಸೊಸೆ ಗಲಿಬಿಲಿಗೊಂಡಳು. ಬೆಳಿಗ್ಗೆ ಅವಳು ನೋಡಿಯೇ ಇರಲಿಲ್ಲ. ಆಗತಾನೇ ಹಚ್ಚಿದ್ದ ಯಂತ್ರದ ಪರದೆಯಲ್ಲಿ ಈಗ ಇಣುಕಿದರೆ, ವೇಗ ಪೂರ್ತಿ ಇತ್ತು. "ಹೂಂ," ಎಂದರು ಸಿಸ್ಟರಮ್ಮ.

"ಒಂದಿನ ನಮ್ಮವರು ಪೆಟ್ಟಿಗೆ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟಿದ್ರು," ಎಂದಳು ಸೊಸೆ. "ಅವತ್ತು ಸಂಜೆವರೆಗೂ ಓಡ್ತು. ಆದ್ರೆ ಆ ಗಾಳಿಗೆ ಮಾವನ ಮೇಜಿಂದ ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಹಾರಿಹೋಗಿ, ಎಲ್ಲರೂ ನೆಲ ಸವರಿದ್ದೇ ಸವರಿದ್ದು. ಆಮೇಲೆ ಫ್ಯಾನ್ ಒಳಗಿಟ್ವಿ."

ಸೊಸೆ ಕೆಲಸ ಶುರು ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ ಸಿಸ್ಟರಮ್ಮ ಮಗುವಿನ ಹಣೆ ಮುಟ್ಟುವಂತೆ ಅಂಗೈಯ ಹಿಂಬದಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ಒತ್ತಿದರು, ಸುಡುತ್ತಿತ್ತು. ಹಿಂದೆ, ಪೆಟ್ಟಿಗೆಯದೇ ಪುಟ್ಟ ಫ್ಯಾನಿನ ಜಾಲರಿಯ ಹತ್ತಿರ ಹಿಡಿದರು, ತಣ್ಣಗಿತ್ತು. ಗಾರ್ಡು ಸಾಹೇಬರು ಜಾಲರಿಗೆ ಅಂಟಿಕೊಂಡಿದ್ದ ಒಂದು ತೆಳು ಕಾಗದವನ್ನು, ಗಡಿಯಾರ ಸುತ್ತುವಂಥದ್ದನ್ನು, ಕಿತ್ತು ಮೇಜಿನ ಮೇಲಿಟ್ಟರು. ಅದು ಸರಸರ ಜಾರಿ ಹೋಗಿ ಮತ್ತೆ ಜಾಲರಿಗೇ ಅಂಟಿತು. "ಎಲ್ಲಾ ಕಡೆ ಅಂಟು," ಎಂದು ಗೊಣಗುತ್ತ ಅವರು ಕೈ ಒರೆಸಿಕೊಂಡರು.

ಸಿಸ್ಟರಮ್ಮ ಆ ಫ್ಯಾನಿನ ನಾಲ್ಕು ಮೂಲೆಯ ಸ್ಕ್ರೂಗಳನ್ನು ಯಜಮಾನರ ಭೂತಗನ್ನಡಿ ಇಸಿದುಕೊಂಡೇ ನೋಡಿದರು. ನಾಲ್ಕರ ತಲೆಯ ಮೇಲಿನ ಕೂಡು ಚಿಹ್ನೆಯಂಥ ಗುರುತುಗಳೂ ಶಿಸ್ತಾಗಿ ನೆಟ್ಟಗೆ ನಿಂತಿದ್ದವು. ಆಮೇಲೆ ಗೋಡೆ ಗಡಿಯಾರ ನೋಡಿದರು, ಸೀಲಿಂಗ್ ಫ್ಯಾನ್ ನೋಡಿದರು. ಅದರ ಸ್ವಿಚ್ಚಿನ ಮೇಲೆ ಯಾರೂ ಒತ್ತದಂತೆ ಅಡ್ಡಡ್ಡ ಅಂಟುಪಟ್ಟಿ ಹಚ್ಚಿತ್ತು.

ಅಲ್ಲಿಂದ ಅವರು ಹೋದದ್ದು ತಮ್ಮನ ಅಂಗಡಿಗೆ. ಹುಡುಗ ಮುಖ ಗಂಟು ಹಾಕಿಕೊಂಡು ಯಾರದೋ ಕಂಪ್ಯೂಟರ್ ಜೋಡಿಸುತ್ತಿದ್ದ. ಅವತ್ತು ಏನೇನು ಮುಟ್ಟಿದೆ, ಹಿಂದಿನ ಫ್ಯಾನ್ ಬಿಚ್ಚಿದ್ಯಾ ಎಂದು ಸಿಸ್ಟರಮ್ಮ ಕೇಳಿದರು. "ನಾನು ಹಿಂದಿನ ಫ್ಯಾನೂ ಮುಟ್ಟಿಲ್ಲ, ಪ್ರೊಸೆಸರೂ ಮುಟ್ಟಿಲ್ಲ. ಪಕ್ಕದ ಬಾಗಿಲು ತೆಗೆದೆ, ಡಿಸ್ಕ್ ಹಾಕಿದೆ. ಏನಾಗಿದೆ ಬಿಚ್ಚಿ ನೋಡ್ತೀನಿ ಅಂದ್ರೆ ಅಕ್ಕ ಡಬ್ಬ ಮುಟ್ಟೋಕೂ ಬಿಡ್ಲಿಲ್ಲ," ಎಂದ.

ಅಲ್ಲಿ ಓಡುತ್ತಿದ್ದ ಒಂದು ಪೆಟ್ಟಿಗೆಯ ಮುಂದೆ ಹಿಂದೆ ಕೈ ಹಿಡಿದು ಸಿಸ್ಟರಮ್ಮ ಕೇಳಿದರು: "ಗಾಳಿ ಮುಂದಿಂದ ಒಳಗೆ, ಹಿಂದಿಂದ ಹೊರಗೆ. ಅಲ್ವೇನೋ?"

"ಹೂಂ. ಹಿಂದಿಂದ ಬಿಸಿ ಗಾಳಿ ಬರ್ಬೇಕು."

ಆ ಪೆಟ್ಟಿಗೆಯ ಸ್ಕ್ರೂಗಳು ಒಂದೊಂದು ಒಂದೊಂದು ದಿಕ್ಕಿಗೆ ತಲೆ ತಿರುಗಿಸಿಕೊಂಡಿದ್ದವು. ಅದನ್ನು ಗಾರ್ಡು ಸಾಹೇಬರೂ ನೋಡಿದರು, ಹುಡುಗನಿಗೆ ಅಚ್ಚುಕಟ್ಟು ಸಾಲದು ಎಂದುಕೊಂಡರು.

ದಾರಿಯಲ್ಲಿ ಅವರು ಹೆಂಡತಿಗೆ ತಮ್ಮ ತೀರ್ಮಾನ ಹೇಳಿದರು. "ಯಜಮಾನರ ಮಗನದೇ ಕೈವಾಡ ಕಣೇ. ಡ್ರೈವಿಂಗ್ ಕಲಿಸೋ ಮನುಷ್ಯ, ಹೆಂಡತಿ ಮಲಗಿದ ಮೇಲೆ ಕಾರಿನ ಆಟ ಆಡ್ತಾನೆ. ಅವನೇ ಆಡಿ ಆಡಿ ಬಿಸಿ ಮಾಡಿಟ್ಟಿದಾನೆ."

"ಆಟ ಆಡೋದು ನಿಜ ಇರ್ಬೋದು. ಆದ್ರೆ ಮದುವೆಗೆ ಹೋಗೋಕೆ ಮುಂಚೇನೂ ಆಡ್ತಿದ್ನಲ್ಲ. ಆಗ ಯಾಕೆ ಬಿಸಿಯಾಗ್ಲಿಲ್ಲ?" ಎಂದರು ಸಿಸ್ಟರಮ್ಮ. ಗಾರ್ಡು ಸಾಹೇಬರು ಎಂದಿನಂತೆ ಬಾವುಟ ಮಡಚಿಟ್ಟರು.

ಸಂಜೆ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದರು. ಸಿಸ್ಟರಮ್ಮ ಕರೆದರೆಂಬ ಒಂದೇ ಕಾರಣಕ್ಕೆ ತಮ್ಮ ಬಂದಿದ್ದ. ಹೊಸ್ತಿಲಿನ ಆಚೆ, ಹೊರಗೇ ಸ್ಟೂಲು ಹಾಕಿಕೊಂಡು ಕೂತ. ಸೊಸೆ ಅವನನ್ನು ನೋಡಿದಳು, ಅವನು ಚಪ್ಪಲಿ ನೋಡಿದ.

"ಮೊದಲನೇದು," ಎಂದರು ಸಿಸ್ಟರಮ್ಮ. "ಇಲ್ಲಿ ಕಳವೇ ಆಗಿಲ್ಲ. ಬೆಳಿಗ್ಗೆ ಪೂರ್ತಿ ವೇಗ ಇರುತ್ತೆ, ಬಿಸಿಯಾದಂಗೆ ಕಮ್ಮಿಯಾಗುತ್ತೆ. ಜ್ವರ ಬಂದ ರೋಗಿ ಮೆಲ್ಲಗೆ ನಡೆದ್ರೆ, ಹಾಸಿಗೆ ಮೇಲಿರೋದು ಬೇರೆ ರೋಗಿ ಅಂತೀವಾ? ಪಕ್ಕದ ಬಾಗಿಲು ತೆಗೆದು ಗಾಳಿ ಕೊಟ್ಟ ದಿನ ಇದೇ ಪ್ರೊಸೆಸರ್ ಸಂಜೆವರೆಗೂ ದುಡೀತು. ಮಿದುಳು ಅದೇ. ಉಸಿರು ಕಟ್ಟಿದೆ, ಅಷ್ಟೇ. ಬಿಸಿ ತಡೀಲಾರದೆ ತಾನೇ ನಿಧಾನ ಮಾಡ್ಕೊಂಡು, ಇನ್ನೂ ಆಗ್ದಿದ್ರೆ ಆಫ್ ಆಗ್ತಿದೆ."

ಸೊಸೆಯ ಮುಖ ಬಿಳುಚಿತು. ಅವಳ ಗಂಡ "ನಾನು ಬರೀ ಸ್ವಲ್ಪ ಹೊತ್ತು ಆಡಿದ್ದು..." ಎಂದು ಯಾರೂ ಕೇಳದೆಯೇ ಒಪ್ಪಿಕೊಂಡ.

"ನಿನ್ನ ಸರದಿ ಇಲ್ಲಪ್ಪಾ, ಸುಮ್ನಿರು," ಎಂದು ಸಿಸ್ಟರಮ್ಮ ಆ ತೆಳು ಕಾಗದವನ್ನು ಪೆಟ್ಟಿಗೆಯ ಹಿಂದೆ ಹಿಡಿದರು. ಕಾಗದ ಕೈಬಿಟ್ಟು ಹೋಗಿ ಜಾಲರಿಗೆ ಅಂಟಿತು. "ನಮ್ಮ ಮನೆಯವರು ಇದನ್ನ ಅಂಟು ಅಂದ್ಕೊಂಡ್ರು. ಅಂಟಲ್ಲ, ಸೆಳೆತ. ಇಲ್ಲಿ ಗಾಳಿ ಹೊರಗೆ ಬರ್ಬೇಕಿತ್ತು, ಒಳಗೆ ಹೋಗ್ತಿದೆ. ಮುಂದಿನ ಫ್ಯಾನೂ ಒಳಗೇ ಎಳೆಯುತ್ತೆ. ಎರಡೂ ಕಡೆಯಿಂದ ಉಸಿರು ಎಳ್ಕೊಂಡು ಬಿಡೋಕೆ ದಾರಿ ಇಲ್ದಿದ್ರೆ ಯಾರು ಬದುಕ್ತಾರೆ? ಅದಕ್ಕೇ ಮೈ ಕಾದಿದೆ, ಬೆನ್ನು ತಣ್ಣಗಿದೆ."

ತಮ್ಮ ಥಟ್ಟನೆ ಎದ್ದು ನಿಂತ. "ಫ್ಯಾನ್ ತಿರುಗಿಸಿ ಹಾಕಿದಾರೆ! ಯಾರು?"

"ಮೂರು ಮಾತು. ಇವರಿಬ್ರೂ ಮದುವೆಗೆ ಹೋದಾಗ ಆಗಿದ್ದು, ಅಂದ್ರೆ ಆಗ ಮನೇಲಿದ್ದೋರು. ಈ ಪೆಟ್ಟಿಗೆ ಬಿಡೋ ಗಾಳಿ ಯಾರಿಗೆ ತೊಂದ್ರೆಯೋ ಅವರು. ಸೆಕೇಲೂ ಸೀಲಿಂಗ್ ಫ್ಯಾನಿನ ಸ್ವಿಚ್ಚಿಗೆ ಅಂಟುಪಟ್ಟಿ ಹಚ್ಚಿ ಕೂರೋರಿಗೆ, ಗಾಳಿಯಲ್ಲಿ ಸ್ಪ್ರಿಂಗ್ ಕಳ್ಕೊಳ್ಳೋರಿಗೆ ತಾನೇ ಗಾಳಿ ಶತ್ರು? ಕೊನೇದು, ಈ ಸ್ಕ್ರೂಗಳು. ಹುಡುಗ ಹಾಕಿದ್ರೆ ಒಂದೊಂದೂ ಒಂದೊಂದು ಕಡೆ ನೋಡ್ತಿರುತ್ತೆ. ಇವು ನೋಡಿ, ನಾಲ್ಕೂ ನೆಟ್ಟಗೆ. ಬಿಗಿಯಾದ ಮೇಲೂ ಗುರುತು ಸಾಲಾಗೋವರೆಗೂ ಸಮಾಧಾನ ಇಲ್ಲದೋರು ಈ ಕಟ್ಟಡದಲ್ಲಿ ಒಬ್ಬರೇ. ಆ ಗೋಡೆ ಗಡಿಯಾರದ ಸ್ಕ್ರೂ ನೋಡಿದ್ರೂ ಗೊತ್ತಾಗುತ್ತೆ."

ಎಲ್ಲರ ಕಣ್ಣೂ ಗೋಡೆಗೆ ಹೋಗಿ, ಅಲ್ಲಿಂದ ಮೆಲ್ಲನೆ ಯಜಮಾನರ ಕಡೆ ತಿರುಗಿದವು. ಪತ್ತೆ ಮಾಡಿಕೊಡಿ ಎಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದವರೇ ಅವರು. ಗಾರ್ಡು ಸಾಹೇಬರು ಬಾಯಿ ತೆರೆದವರು ಮುಚ್ಚಲು ಮರೆತರು.

"ನಾನಾ?" ಎಂದರು ಯಜಮಾನರು. ಅವರ ಮುಖದಲ್ಲಿದ್ದದ್ದು ನಿಜವಾದ ಬೆರಗು. "ಫ್ಯಾನ್ ತಿರುಗಿಸಿದ್ದು ಹೌದು. ಹುಡುಗ ಬಿಚ್ಚಿದ್ದು ನೋಡಿ ಇಷ್ಟೇನಾ ಅನ್ನಿಸ್ತು. ಸೆಕೆ ಆದ್ರೆ ನಾವು ಫ್ಯಾನನ್ನ ನಮ್ಮ ಕಡೆ ತಿರುಗಿಸ್ಕೊಳ್ಳಲ್ವಾ? ಪಾಪ, ಬಿಸಿಯಾಗಿರೋದು ಒಳಗೆ, ಗಾಳಿ ಹೊರಗೆ ಬೀಸ್ತಿತ್ತು. ಒಳಗೆ ಬೀಸೋ ಹಾಗೆ ಮಾಡಿದೆ. ಅದಕ್ಕೂ ತಂಪು, ನನ್ನ ಮೇಜಿಗೂ ಧೂಳು ಬರಲ್ಲ ಅಂತ. ಒಳ್ಳೇದೇ ಮಾಡಿದೆ ಅಂದ್ಕೊಂಡಿದ್ದೆನಲ್ಲ..." ಹೊಸ್ತಿಲ ಕಡೆ ತಿರುಗಿ, "ನಿನ್ನ ತಲೆ ಮೇಲೆ ಹೊರಿಸಿಬಿಟ್ನಲ್ಲೋ ಮಗನೇ," ಎಂದರು.

ಸೊಸೆ ಆಗಲೇ ಹೊಸ್ತಿಲಿಗೆ ಹೋಗಿದ್ದಳು. "ತಪ್ಪಾಯ್ತು ಕಣೋ. ಯಾರೋ ಏನೋ ಅಂದ್ರು ಅಂತ ನಿನ್ನ ನಂಬದೇ ಹೋದೆ. ಒಳಗೆ ಬಾ," ಎಂದು ತಮ್ಮನ ತೋಳು ಹಿಡಿದಳು. ಅವನು ಒಂದು ಗಳಿಗೆ ಬಿಗಿಯಾಗಿಯೇ ನಿಂತ. ಆಮೇಲೆ, "ಸ್ಕ್ರೂ ಡ್ರೈವರ್ ಎಲ್ಲಿದೆ?" ಎಂದು ಹೊಸ್ತಿಲು ದಾಟಿದ. ಅಕ್ಕ ತಮ್ಮನ ರಾಜಿ ಅಷ್ಟರಲ್ಲೇ ಮುಗಿಯಿತು.

ಹುಡುಗ ಫ್ಯಾನನ್ನು ಮೊದಲಿನಂತೆ ತಿರುಗಿಸಿ ಹಾಕಿದ. ಪೆಟ್ಟಿಗೆಯ ಹಿಂದೆ ಕೈ ಹಿಡಿದ ಗಾರ್ಡು ಸಾಹೇಬರು, "ಬೆಚ್ಚಗಿದೆ! ಬೆಚ್ಚಗಿದೆ!" ಎಂದು ತಾವೇ ಕಂಡುಹಿಡಿದವರಂತೆ ಸಾರಿದರು. ಅವನು ಬಿಗಿದ ಸ್ಕ್ರೂಗಳು ನಾಲ್ಕೂ ನಾಲ್ಕು ದಿಕ್ಕಿಗೆ ನೋಡುತ್ತಿದ್ದವು. ಯಜಮಾನರು ತಡೆದುಕೊಳ್ಳುವಷ್ಟು ತಡೆದುಕೊಂಡು, ಕೊನೆಗೆ ಎದ್ದು ಬಂದು ಒಂದೊಂದನ್ನೂ ನೆಟ್ಟಗೆ ಮಾಡಿದರು.

"ಗಾಳಿ ಬಡೀತಿದೆ ಅಂತ ನಂಗೆ ಒಂದು ಮಾತು ಹೇಳಬಾರದಿತ್ತಾ ಮಾವಾ?" ಎಂದಳು ಸೊಸೆ.

ಯಜಮಾನರು ಸ್ಕ್ರೂ ಬಿಟ್ಟು ತಲೆಯೆತ್ತಲಿಲ್ಲ. "ಹೇಳಿದ್ರೆ ನೀನು ಮೇಜು ಎತ್ತಿಕೊಂಡು ಒಳಕೋಣೆಗೆ ಹೋಗ್ತಿದ್ದೆ. ನೀನು ಹಾಗೇನೇ, ಯಾರಿಗೂ ತೊಂದ್ರೆ ಕೊಡೋಳಲ್ಲ. ಎದುರಿಗೆ ಯಾರೂ ಇಲ್ದೆ ಕೆಲಸ ಮಾಡೋದು ನಂಗೆ ಮರೆತೇ ಹೋಗಿದೆಯಮ್ಮ."

ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗಂಡನನ್ನೂ ತಮ್ಮನನ್ನೂ ಕರೆದು, ಮೇಜಿನ ಒಂದೊಂದು ಕಾಲು ಹಿಡಿಸಿದಳು. ಎದುರುಬದುರಾಗಿದ್ದ ಮೇಜುಗಳು ಅಕ್ಕಪಕ್ಕಕ್ಕೆ ಬಂದವು. ಪೆಟ್ಟಿಗೆಯ ಬೆನ್ನು ಕಿಟಕಿಯ ಕಡೆಗೆ ಹೋಯಿತು.

ಮರುದಿನ ಗಾರ್ಡು ಸಾಹೇಬರು ಪೇಪರ್ ತರಲು ಇಳಿದಾಗ ಆ ಮನೆಯ ಬಾಗಿಲು ತೆರೆದಿತ್ತು. ಎರಡು ತಲೆಗಳು ಒಂದೇ ಸಾಲಿನಲ್ಲಿ ಬಗ್ಗಿದ್ದವು. ಅವರು ನಿಂತು ನೋಡುತ್ತಿರುವಾಗಲೇ ಯಜಮಾನರು ಭೂತಗನ್ನಡಿಯಿಂದ ಕಣ್ಣು ತೆಗೆಯದೆ, ಗಟ್ಟಿಯಾಗಿ, ನಿಸ್ಸಂಕೋಚವಾಗಿ ಹೇಳಿದರು:

"ಸ್ವಲ್ಪ ಆ ಕಡೆ ಸರಿಯಮ್ಮ. ನಿನ್ನ ತಲೆ ಬೆಳಕಿಗೆ ಅಡ್ಡ ಬರ್ತಿದೆ."

ಸೊಸೆ ಕುರ್ಚಿಯನ್ನು ಗೇಣುದ್ದ ಸರಿಸಿಕೊಂಡು, ಅಲ್ಲೇ ಕೆಲಸ ಮುಂದುವರಿಸಿದಳು.