ಹುಳು ಮನೆಯಲ್ಲಿ ಜನನದ ಪುಸ್ತಕ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾಡಕಚೇರಿಯ ಉಪ ತಹಶೀಲ್ದಾರ್ ಅಮರನಾಥ್ ಖುದ್ದಾಗಿ ಬೈರನಕುಂಟೆ ಠಾಣೆಗೆ ಬಂದು ದೂರು ಕೊಟ್ಟರು. ರೆಕಾರ್ಡ್ ರೂಮಿನ ಕಿಟಕಿಯ ಸರಳು ಬಗ್ಗಿಸಿ ಯಾರೋ ಒಳಗೆ ನುಗ್ಗಿದ್ದಾರೆ, ಹಳೆಯ ಜನನ ನೋಂದಣಿ ಪುಸ್ತಕಗಳ ಮೂರು ಕಟ್ಟು ಕಾಣೆಯಾಗಿವೆ ಎಂದು.

ಮುಳಬಾಗಿಲಿನಿಂದ ಆಂಧ್ರದ ಗಡಿಯತ್ತ ಹೋಗುವ ಬಸ್ಸು ಮನಸ್ಸು ಬಂದರೆ ಮಾತ್ರ ನಿಲ್ಲುವ ಊರು ಅದು. ಅಲ್ಲಿ ಕೋಳಿ ಕಳವಾಗುತ್ತದೆ, ಪಂಪ್‌ಸೆಟ್ಟಿನ ವೈರು ಕಳವಾಗುತ್ತದೆ. ಇಲಿಯೂ ಮೂಸದ ಕಾಗದ ಯಾರಿಗೆ ಬೇಕು? ಸಬ್ ಇನ್‌ಸ್ಪೆಕ್ಟರ್ ಶ್ರೀವಾಣಿಗೆ ನಗು ಬಂದರೂ ತಡೆದುಕೊಂಡಳು. ಭಾರತೀಯ ನ್ಯಾಯ ಸಂಹಿತೆಯ ಕಲಂ 305 ಮತ್ತು 331ರ ಅಡಿ ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆಗೆ ಹೋದಾಗ ರೆಕಾರ್ಡ್ ರೂಮಿನ ಘಾಟಿಗೆ ಅವಳ ಕಣ್ಣಲ್ಲಿ ನೀರು ಬಂತು.

"ಏನ್ರೀ ಇದು ವಾಸನೆ?"

"ಗೆದ್ದಲು ಮೇಡಮ್. ಶುಕ್ರವಾರ ಔಷಧಿ ಹೊಡೆಸಿದ್ವಿ. ಪುಣ್ಯಾತ್ಮರು ಕಟ್ಟುಗಳ ಮೇಲೂ ಸುರಿದು ಹೋಗಿದಾರೆ" ಎಂದರು ಅಮರನಾಥ್.

"ಆ ಪುಸ್ತಕ ಕೇಳ್ಕೊಂಡು ಯಾರು ಬರ್ತಿದ್ರು?"

"ದಿನಾ ಯಾರಾದ್ರೂ ಬರ್ತಾನೇ ಇರ್ತಾರೆ. ಹುಡುಕ್ತೀವಿ. ಸಿಗದಿದ್ರೆ 'ಲಭ್ಯವಿಲ್ಲ' ಅಂತ ಹಿಂಬರಹ ಕೊಟ್ಟು ಕಳಿಸ್ತೀವಿ."

"ನಿಜವಾಗ್ಲೂ ಹುಡುಕ್ತೀರಾ?"

ಅಮರನಾಥ್ ಕಿಟಕಿಯ ಕಡೆ ನೋಡಿದರು. ಕಪಾಟಿನಲ್ಲಿ ಉಳಿದ ಯಾವ ಕಟ್ಟಿನ ಗಂಟನ್ನೂ ವರ್ಷಗಳಿಂದ ಬಿಚ್ಚಿದ ಗುರುತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥ ಕಚೇರಿ ನೋಡಿಯೇ ಹುಟ್ಟಿದ ಮಾತಿರಬೇಕು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಅಂದೇ ಬಾಗಿಲಿಗೆ ಹೊಸ ಬೀಗ ಬಿತ್ತು, ಕಿಟಕಿಗೆ ತಗಡು ಹೊಡೆದರು.

ಎರಡು ದಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದಾಯಿತು. ಕಾಗದದ ಚೂರೂ ಸಿಗಲಿಲ್ಲ. ಸರ್ಕಲ್ ಇನ್‌ಸ್ಪೆಕ್ಟರ್ ಫೋನು ಮಾಡಿ, "ಸರ್ಕಾರಿ ದಾಖಲೆ ಕಣಮ್ಮ, ಆಟ ಅಲ್ಲ. ಕಳ್ಳನ್ನ ಹಿಡಿದು ಕೋರ್ಟ್‌ಗೆ ಹಾಜರುಪಡಿಸು" ಎಂದು ಗದರಿದರು.

ಬುಧವಾರ ಮಧ್ಯಾಹ್ನ ಕಾನ್‌ಸ್ಟೇಬಲ್ ಉಮೇಶ್ ಟೀ ಅಂಗಡಿಯಿಂದ ಸುದ್ದಿ ತಂದ. "ಆವಲಪ್ಪನ ರೇಷ್ಮೆ ಹುಳು ಪೂರ್ತಿ ಸತ್ತೋಯ್ತಂತೆ ಮೇಡಮ್. ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ, ಗಬಗಬ ಸೊಪ್ಪು ತಿಂತಿದ್ದವು. ಯಾರದೋ ಕಣ್ಣು ಬಿತ್ತು ಅಂತಾರೆ."

"ಅಕ್ಕಪಕ್ಕದೋರ ಹುಳು?"

"ಚೆನ್ನಾಗವೆ. ಎಲ್ರೂ ಒಂದೇ ತೋಟದ ಸೊಪ್ಪೇ ತಂದಿದ್ರಂತೆ."

ಶ್ರೀವಾಣಿ ಎದ್ದು ನಿಂತಳು. ಅವಳು ಸುಗಟೂರಿನ ಹುಳು ಸಾಕುವ ಮನೆಯಲ್ಲಿ ಬೆಳೆದವಳು. ಹುಳುವಿಗೆ ವಿಷವಾಗುವ ಸೊಳ್ಳೆಬತ್ತಿ ಹಚ್ಚಿದ್ದಕ್ಕೆ ಅಜ್ಜಿ ಕೈಯಲ್ಲಿ ಬೆನ್ನಿಗೆ ಬಿದ್ದ ಏಟು ಅವಳಿಗೆ ಇಂದಿಗೂ ನೆನಪಿದೆ. ಸೊಪ್ಪಿನಲ್ಲಿ ವಿಷ ಇಲ್ಲ ಅಂದರೆ ಅದು ಮನೆಯೊಳಗೇ ಬಂದಿರಬೇಕು. ಹೊರಗಿನವರು ಕಾಲಿಡದ ಜಾಗ ಯಾವುದು ಎಂದರೆ ಹಳ್ಳಿಯಲ್ಲಿ ಯಾರಾದರೂ ಹುಳು ಮನೆಯನ್ನೇ ತೋರಿಸುತ್ತಾರೆ. ಕದ್ದದ್ದನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆ ಕಟ್ಟುಗಳ ಮೇಲೂ ಗೆದ್ದಲಿನ ಔಷಧಿ ಬಿದ್ದದ್ದು ಮಾತ್ರ ಕದ್ದವನಿಗೆ ಗೊತ್ತಿರಲಿಕ್ಕಿಲ್ಲ, ಘಾಟು ಕೋಣೆಯದು ಅಂದುಕೊಂಡಿರಬೇಕು.

ಮೂರು ಗಂಟೆಗೆ ಪಂಚರನ್ನೂ, ಪುಸ್ತಕ ಗುರುತಿಸಲು ಅಮರನಾಥರನ್ನೂ ಕರೆದುಕೊಂಡು ಜೀಪು ಆವಲಪ್ಪನ ಹಳ್ಳಿ ಸೇರಿತು. ತಿಪ್ಪೆಯ ಮೇಲೆ ಸತ್ತ ಹುಳುಗಳ ರಾಶಿ ಕೊಳೆಯುತ್ತಿತ್ತು. ಹುಳು ಮನೆಯ ಹೊಸ್ತಿಲಲ್ಲಿ ಶ್ರೀವಾಣಿ ಅಭ್ಯಾಸಬಲದಿಂದ ಬೂಟು ಬಿಚ್ಚಿದಳು. ಒಳಗೆ ಉಳಿಸಿಕೊಳ್ಳಲು ಏನೂ ಇರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು.

ಆವಲಪ್ಪ ಹುಳು ಸಾಕುವ ಖಾಲಿ ತಟ್ಟೆಗಳ ನಡುವೆ ಕೂತಿದ್ದ. ಐವತ್ತರ ಆಸುಪಾಸು, ವಾರದ ಗಡ್ಡ.

"ಆವಲಪ್ಪನೋರೇ, ಹುಳು ಯಾಕೆ ಸತ್ತವು?"

"ಹಣೆಬರಹ ಮೇಡಮ್."

"ಕಟ್ಟು ಎಲ್ಲಿಟ್ಟಿದೀರ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುನಂದ, "ಚೆಪ್ಪೇಯಯ್ಯಾ, ಇಂಕೇಮುಂದಿ" ಎಂದು ಅತ್ತಳು. ಹೇಳಿಬಿಡು, ಇನ್ನೇನು ಉಳಿದಿದೆ ಎಂದು. ಅವನು ಮೂಲೆಗೆ ಒರಗಿಸಿದ್ದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಸರಿಸಿದ. ಹಿಂದೆ ಮೂರು ಕಟ್ಟುಗಳಿದ್ದವು, ಒಂದು ಹಾಳೆಯೂ ಹರಿದಿರಲಿಲ್ಲ.

"ಯಾಕೆ ತಂದ್ರಿ?"

"ನನ್ನ ಮಗಳು ಚಂದನ, ಎರಡೂ ಕಿಡ್ನಿ ಹೋಗವೆ. ಕೋಲಾರದಲ್ಲಿ ಡಯಾಲಿಸಿಸ್ಸು. ಅವರಮ್ಮ ಇವಳಿಗೆ ಸಕ್ಕರೆ ಕಾಯಿಲೆ, ಅದಕ್ಕೆ ನನ್ನ ಕಿಡ್ನಿ ಕೊಡ್ತೀನಿ ಅಂದೆ. ಆಸ್ಪತ್ರೆ ಕಮಿಟಿಯೋರು, ನೀನೇ ಅಪ್ಪ ಅನ್ನೋದಕ್ಕೆ ದಾಖಲೆ ತಾ ಅಂದ್ರು. ಮಗಳು ಬೆಳೆದಿದ್ದು ಹೋಳೂರಲ್ಲಿ, ಸೋದರಮಾವನ ಮನೇಲಿ. ಸ್ಕೂಲಿಗೆ ಸೇರಿಸ್ವಾಗ ಅವನೇ ಅಪ್ಪ ಅಂತ ಬರೆಸ್ಬಿಟ್ಟ. ಮಗೂನ ಸಾಕಿದೋನು, ಬರೆಸ್ಕೊಳ್ಳಲಿ ಬಿಡು ಅಂತ ನಾನೂ ಸುಮ್ಕಿದ್ದೆ. ಆಧಾರಲ್ಲೂ ಅವನ ಹೆಸರೇ ಬಂತು. ನನ್ನ ಹೆಸರಿರೋದು ಈ ಪುಸ್ತಕದಲ್ಲಿ ಮಾತ್ರ." ಅವನು ಅಮರನಾಥರ ಕಡೆ ತಿರುಗಿದ. "ಲಭ್ಯವಿಲ್ಲ ಅಂತ ಬರೆದುಕೊಟ್ರಲ್ಲ ಸ್ವಾಮಿ. ನೀವು ಹುಡುಕಲಿಲ್ಲ, ನಾನು ಹುಡುಕಿದೆ. ಸಿಕ್ತು."

ಅಮರನಾಥರ ಮುಖ ಇಂಗು ತಿಂದ ಮಂಗನಂತಾಯಿತು.

"ಸಿಕ್ಕ ಮೇಲೆ ಇಲ್ಲೇ ಯಾಕೆ ಇಟ್ಕೊಂಡ್ರಿ?" ಶ್ರೀವಾಣಿ ಕೇಳಿದಳು.

"ವಾಪಸ್ ಇಟ್ಟು, ಇಂಥ ಪುಟದಲ್ಲೈತೆ ನೋಡಿ ಅಂತ ಮತ್ತೆ ಅರ್ಜಿ ಹಾಕೋಣ ಅಂದ್ಕೊಂಡಿದ್ದೆ. ಹೋದೆ ಮೇಡಮ್. ಕಿಟಕಿಗೆ ತಗಡು ಹೊಡೆದಿದ್ರು."

ಗುರುತಿಗಾಗಿ ಚೀಟಿ ಸಿಕ್ಕಿಸಿದ್ದ ಪುಟವನ್ನು ಅವಳು ತೆರೆದಳು. ಹೆಣ್ಣು ಮಗು. ತಾಯಿ ಸುನಂದ. ತಂದೆ ಆವಲಪ್ಪ. ಮಸಿ ಮಾಸಿದ್ದರೂ ಅಕ್ಷರ ಸ್ಪಷ್ಟವಾಗಿತ್ತು. ಇದನ್ನು ಹುಡುಕಲು ಕಚೇರಿಗೆ ಒಂದು ಮಧ್ಯಾಹ್ನ ಸಾಕಿತ್ತು.

ಉಮೇಶ್ ಅರಗು ಕಾಯಿಸತೊಡಗಿದ. ಮೊಹರು ಬಿದ್ದರೆ ಪುಸ್ತಕ ಕೇಸಿನ ಮಾಲು. ಕೋರ್ಟು ಬಿಡುವ ತನಕ ಯಾರೂ ಮುಟ್ಟುವಂತಿಲ್ಲ. ಕಮಿಟಿ ಕೂರುವುದು ಶುಕ್ರವಾರ.

"ಉಮೇಶ್, ತಡಿ" ಎಂದಳು ಶ್ರೀವಾಣಿ. "ಅಮರನಾಥ್ ಅವ್ರೇ, ಮೊಹರು ಇನ್ನೂ ಹಾಕಿಲ್ಲ. ದೃಢೀಕೃತ ನಕಲು ಈಗಲೇ ಬರೀರಿ."

"ಕೇಸಾಗಿದೆಯಲ್ಲ ಮೇಡಮ್, ನಿಯಮ..."

"ಪಂಚನಾಮೆಯಲ್ಲಿ ನಾನೇ ಬರ್ಕೋತೀನಿ, ಅದರ ಮೇಲೆ ನನ್ನ ಸಹಿ ಇರುತ್ತೆ. ನೀವು ಬರೀರಿ."

ಅಮರನಾಥ್ ತಲೆ ಎತ್ತದೆ ಬರೆದರು. ಕಚೇರಿಯ ಮುದ್ರೆ ತರಿಸಿ ಒತ್ತಿದ ನಕಲನ್ನು ಸುನಂದ ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು. ಸಂಜೆ ಐದೂವರೆಗೆ ಆವಲಪ್ಪನನ್ನು ಬಂಧಿಸಲಾಯಿತು.

ಜೀಪು ಹತ್ತುವಾಗ ಅವನು ಹಿಂತಿರುಗಿ ಕೇಳಿದ. "ಮೇಡಮ್, ಜೈಲಲ್ಲಿರೋನ ಕಿಡ್ನಿ ತಗೋತಾರಾ?"

ಶ್ರೀವಾಣಿ ಸುನಂದಳ ಕಡೆ ತಿರುಗಿದಳು. ಜಾಮೀನಿಗೆ ನಾಳೆಯೇ ವಕೀಲರನ್ನು ನೋಡಮ್ಮ ಎಂದಳು. ನಾಳೆ ಗುರುವಾರ.

ಠಾಣೆಯಲ್ಲಿ ವರದಿ ಬರೆಯುತ್ತಾ ಬಂದು, ಕೃತ್ಯದ ಉದ್ದೇಶ ಬರೆಯುವ ಕಡೆ ಅವಳ ಪೆನ್ನು ನಿಂತಿತು. ಆಮೇಲೆ ಬರೆದಳು: "ಆರೋಪಿಯು ತನ್ನ ಮಗಳಿಗೆ ತಾನೇ ತಂದೆ ಎಂದು ರುಜುವಾತುಪಡಿಸಲು."