ಎಲ್ವುಡ್‌ನನ್ನು ಎಬ್ಬಿಸುವ ಇಬ್ಬರು

ಏಪ್ರಿಲ್ 9, ಮಂಗಳವಾರ, ಬೆಳಿಗ್ಗೆ 9.40. ಒಹಾಯೊ ನದಿ ದಂಡೆಯ ಹಾರ್ಕರ್ಸ್‌ಬರ್ಗ್ ಪೊಲೀಸ್ ಠಾಣೆಗೆ ಎಲ್ವುಡ್ ಟ್ರಸ್ಕಾಟ್ ಎಂಬ ಎಂಬತ್ಮೂರರ ಮುದುಕ ಊರುಗೋಲು ಹಿಡಿದು ಹನ್ನೊಂದು ಬೀದಿ ನಡೆದು ಬಂದ. ತನಗೆ ನಡೆಯಲು ಬರುವುದಿಲ್ಲ ಎಂದು ಸುಳ್ಳು ಬರೆದಿದ್ದಾರೆ ಎಂಬುದೇ ಅವನ ದೂರು.

ಡಿಟೆಕ್ಟಿವ್ ಡಾರ್ಲಾ ಪ್ರೂಯಿಟ್ ಕಾಫಿ ಕೆಳಗಿಟ್ಟಳು. ನಿವೃತ್ತಿಗೆ ಏಳು ತಿಂಗಳಿದ್ದ ಆಕೆಗೆ ಯಾವ ದೂರೂ ಹೊಸದೆನಿಸುತ್ತಿರಲಿಲ್ಲ.

"ಯಾರು ಬರೆದದ್ದು?"

"ನಾನಿರೋ ನರ್ಸಿಂಗ್ ಹೋಮ್‌ನೋರು, ಮುದುಕರನ್ನ ನೋಡ್ಕೊಳ್ಳೋರು. ನನ್ನ ಹಾಸಿಗೆಯಿಂದ ಎಬ್ಬಿಸೋಕೆ ಇಬ್ಬರು ಬೇಕಂತೆ. ಆ ಕಾಗದ ನೋಡಿ ಸರ್ಕಾರಿ ವಸತಿಯೋನು, ಒಂಟಿಯಾಗಿ ಇರೋಕಾಗದೋನಿಗೆ ಮನೆ ಕೊಡಲ್ಲ ಅಂದ. ತಿಂಗಳ ಕೊನೇವರೆಗೆ ಕಾಯ್ತಾನಂತೆ, ಆಮೇಲೆ ಬೇರೆಯೋರ ಪಾಲು."

"ಇಲ್ಲಿಗೆ ಹೇಗೆ ಬಂದ್ರಿ?"

"ಹಾರ್ಕೊಂಡು ಬಂದೆ ತಾಯಿ. ಬೂಟು ನೋಡು."

ಕಾನ್‌ಸ್ಟೆಬಲ್ ಕೋಲ್ ಸ್ಟಿನೆಟ್ ನಕ್ಕ. ಡಾರ್ಲಾ ನಗಲಿಲ್ಲ. 10.15ಕ್ಕೆ ದೂರು ದಾಖಲಾಯಿತು.

ಗುರುವಾರ ವಾರಂಟ್ ಹಿಡಿದು ಇಬ್ಬರೂ ನರ್ಸಿಂಗ್ ಹೋಮ್‌ಗೆ ಹೋಗಿ, ಮಹಜರು ಬರೆಸಿ ಕಡತಗಳನ್ನು ತಂದರು. ಅವನ್ನು ಓದಿದಾಗ ವ್ಯವಸ್ಥೆ ತಿಳಿಯಿತು. ಅಲ್ಲಿರುವ ಪ್ರತಿಯೊಬ್ಬರೂ ಎಷ್ಟು ನಿಶ್ಶಕ್ತರು ಎಂದು ಮೂರು ತಿಂಗಳಿಗೊಮ್ಮೆ ರಾಜ್ಯಕ್ಕೆ ಬರೆದು ಕಳಿಸಬೇಕು. ನಿಶ್ಶಕ್ತಿ ಹೆಚ್ಚಿದಷ್ಟೂ ರಾಜ್ಯ ಕೊಡುವ ದಿನದ ದರ ಹೆಚ್ಚು. ಚೇತರಿಸಿಕೊಂಡರೆ ದರ ಇಳಿಯುತ್ತದೆ. ಇದನ್ನು ಯೋಚಿಸಿದ ಪುಣ್ಯಾತ್ಮನಿಗೆ ನ್ಯಾಯವಾಗಿಯೇ ಕಂಡಿರಬೇಕು. ಅವನು ರಾತ್ರಿ ಪಾಳಿ ಮಾಡಿದವನಲ್ಲ.

ಮೂರು ದಿನ ಕಡತ ತಿರುವಿದ ಮೇಲೆ ಸ್ಟಿನೆಟ್ ತಲೆ ಎತ್ತಿದ.

"ಮೇಡಂ, ಹೋದ ಸೆಪ್ಟೆಂಬರ್‌ನಲ್ಲಿ ಮೂವತ್ತೊಂದು ಜನರನ್ನ ರಾತ್ರಿ ಇಬ್ಬರು ಸೇರಿ ಎತ್ತಿದ್ರಂತೆ."

"ಸರಿ."

"ಹಾಜರಿ ಪುಸ್ತಕದ ಪ್ರಕಾರ ಆ ತಿಂಗಳು ಪೂರ್ತಿ ರಾತ್ರಿ ಪಾಳಿಗೆ ಇದ್ದೋಳು ಒಬ್ಬಳೇ."

ಮೂವತ್ತೊಂದು ಕಾಗದಕ್ಕೂ ಸಹಿ ಒಬ್ಬಳದೇ. ಜೋನೆಟ್ ಬ್ಯಾಕ್ಸ್, ದಾಖಲೆ ನೋಡಿಕೊಳ್ಳುವ ನರ್ಸ್, ಹತ್ತೊಂಬತ್ತು ವರ್ಷದ ಸೇವೆ. ಅವಳಿಗೇನು ಸಿಕ್ಕಿತು ಎಂದು ಒಂದು ವಾರ ಜಾಲಾಡಿದರು. ಬಿಡಿಗಾಸೂ ಸಿಕ್ಕಿರಲಿಲ್ಲ.

ಏಪ್ರಿಲ್ 22, ಮಧ್ಯಾಹ್ನ 2.30. ವಿಚಾರಣೆ.

"ಎರಡನೆಯವರು ಯಾರು, ಜೋನೆಟ್?"

"ಇರಲಿಲ್ಲ. ಎರಡನೆಯೋಳನ್ನ ತರೋಕೇ ಬರೆದೆ." ಅವಳ ದನಿಯಲ್ಲಿ ಅಳುಕಿರಲಿಲ್ಲ, ಸುಸ್ತಿತ್ತು. "ಮೂವತ್ತೆಂಟು ಜನಕ್ಕೆ ಒಬ್ಬ ಹೆಣ್ಣುಮಗಳು. ಗಂಟೆ ಒತ್ತಿ ಒತ್ತಿ ಸಾಕಾಗಿ ಒದ್ದೆಯಲ್ಲೇ ಮಲಗೋರು. ದರ ಏರಿದ್ರೆ ಇನ್ನೊಬ್ಬಳನ್ನ ಇಡ್ತೀನಿ ಅಂದ ಮಾಲೀಕ. ಜನವರಿಯಲ್ಲಿ ಏರ್ತು. ಲಟೋನ್ಯಾ ಬಂದ್ಲು."

"ಎಲ್ವುಡ್ ಕಾಗದಾನಾದ್ರೂ ಸರಿ ಮಾಡಬಹುದಿತ್ತು."

"ಹಾಸಿಗೆ ಹಿಡಿದಿದ್ದೋನನ್ನ ನಡೆಸಿದ್ದೇ ಲಟೋನ್ಯಾ. ಸಂಜೆ ಆರಕ್ಕೆ ಪಾಳಿಗೆ ಬಂದವಳೇ ಅವನ ಕೈ ಹಿಡಿಯೋಳು. ಈಗ ಇನ್ನೂ ನಾಲ್ಕು ಜನ ಎದ್ದು ನಿಲ್ತಾರೆ. ನಿಜ ಬರೆದ್ರೆ ದರ ಬೀಳುತ್ತೆ, ಅವಳು ಹೋಗ್ತಾಳೆ. ಅವನಿಗೆ ಮನೆ ತಪ್ಪುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಅದಕ್ಕೆ ಬೇಕಾದ್ರೆ ಹಿಡ್ಕೊಂಡು ಹೋಗಿ."

3.10ಕ್ಕೆ ಬಂಧನವಾಯಿತು. ಮಾಲೀಕನ ಪರವಾಗಿ ವಕೀಲರು ಬಂದರು. ರಾಜ್ಯಕ್ಕೆ ಕಳಿಸುವ ಬಿಲ್ಲಿಗೆ ಅವನು ಏನನ್ನೂ ಓದದೆ ಸಹಿ ಹಾಕುತ್ತಿದ್ದನಂತೆ.

ಶುಕ್ರವಾರ ತಿದ್ದಿದ ಕಾಗದ ಬಂತು, ಮನೆಯ ಬೀಗದ ಕೈಯೂ ಬಂತು. ಡಾರ್ಲಾ ತನ್ನ ಕಾರಿನಲ್ಲೇ ಎಲ್ವುಡ್‌ನನ್ನು ಬಿಡಲು ಹೋದಳು. ದಾರಿಯಲ್ಲಿ ಅವನು ಲಟೋನ್ಯಾಳ ಬಗ್ಗೆ ಕೇಳಿದ.

"ಮಾಲೀಕ ನೋಟಿಸ್ ಕೊಟ್ಟಿದ್ದಾನೆ. ಈ ತಿಂಗಳೇ ಕೊನೆ."

"ಅವಳ ಕೈ ಹಿಡಿದು ಎದ್ದು ನಿಲ್ತಿದ್ದ ಆ ನಾಲ್ಕು ಜನ?"

"ಅವರಿಗೆ ಬೇರೆ ಯಾರನ್ನೂ ಇಡಲ್ವಂತೆ."

"ನನ್ನ ನಡೆಸಿದವಳ ಹೊಟ್ಟೆ ಮೇಲೇ ಹೊಡೆದೆ ಅನ್ನು."

"ನೀವು ನಿಜ ಹೇಳಿದ್ರಿ, ಎಲ್ವುಡ್."

"ಹೌದು, ಹೇಳಿದೆ," ಎಂದ ಮುದುಕ. ಮನೆ ಬಂದರೂ ಬಹಳ ಹೊತ್ತು ಕಾರಿನಿಂದ ಇಳಿಯಲಿಲ್ಲ.

ಠಾಣೆಗೆ ಮರಳಿ ಡಾರ್ಲಾ ಅಂತಿಮ ವರದಿ ತೆಗೆದಳು. ಅಪರಾಧದ ಉದ್ದೇಶ ಎಂಬ ಅಂಕಣದಲ್ಲಿ ಮೊದಲು 'ವಂಚನೆ' ಎಂದು ಬರೆದು ಹೊಡೆದುಹಾಕಿದಳು. ಆಮೇಲೆ, ರಾತ್ರಿ ಪಾಳಿಗೆ ಇನ್ನೊಬ್ಬಳು ಬೇಕಿತ್ತು, ಎಂದು ಬರೆದು ಸಹಿ ಹಾಕಿದಳು.