ಇಕ್ಕೇರಿಯ ಬಿಸಿ ಕಲ್ಲು

"ಬಾಯಿ ತೆಗೀರಿ."

ಅಪರಿಚಿತ ಗಂಡಸೊಬ್ಬರು ತನ್ನ ಬಾಯಿಗೆ ಸಕ್ಕರೆ ಸುರಿಯುತ್ತಿದ್ದಾರೆ ಎಂದು ಹೂವಮ್ಮನಿಗೆ ಅರಿವಾಗುವಷ್ಟರಲ್ಲಿ ಅದು ನಾಲಿಗೆಯ ಮೇಲೆ ಕರಗಿತ್ತು. ಸಾಗರದ ಆಸ್ಪತ್ರೆಯ ಬೆಂಚು. ಮೈಯೆಲ್ಲ ಬೆವರು, ಕೈಗಳಲ್ಲಿ ನಡುಕ...

"ಇನ್ಸುಲಿನ್ ಚುಚ್ಕೊಂಡು ತಿಂಡಿ ತಿಂದಿಲ್ಲ ಅಲ್ವಾ?"

"ತಿನ್ನೋಕೆ ಮನಸ್ಸಿರ್ಲಿಲ್ಲ."

ಮಗಳ ಹಾಗೆ ಇವರೂ ಬೈಯುತ್ತಾರೆ ಅಂದುಕೊಂಡಳು. ಅವರು ಪಕ್ಕದಲ್ಲಿ ಕೂತು ಮೆಲ್ಲಗೆ ಅಂದರು, "ನಂಗೂ ಎಷ್ಟೋ ದಿನ ಮನಸ್ಸಿರಲ್ಲ."

ಅವರು ವಾಸಪ್ಪ. ಹೊಸನಗರದ ನಿವೃತ್ತ ಬಸ್ ಡ್ರೈವರ್, ಹೆಂಡತಿಯನ್ನು ಕಳೆದುಕೊಂಡವರು. ಅವರಿಗೂ ಸಕ್ಕರೆ ಕಾಯಿಲೆ, ತಪಾಸಣೆಗೆ ಬರುವುದೂ ಅದೇ ದಿನ. ಗಂಡ ಹೋದ ಮೇಲೆ ಸಕ್ಕರೆ ಕಾಯಿಲೆಯೊಂದೇ ತನ್ನ ಜೊತೆಗಾರ ಅಂದುಕೊಂಡಿದ್ದ ಹೂವಮ್ಮ ಈಗ ತಿಂಗಳ ತಪಾಸಣೆಯ ದಿನಕ್ಕೆ ಕಾಯತೊಡಗಿದಳು. ಅರವತ್ತರಲ್ಲಿ! ಅವಳಿಗೇ ನಾಚಿಕೆ.

ಏಪ್ರಿಲ್‌ನಲ್ಲೊಮ್ಮೆ ಇಬ್ಬರೂ ಆಸ್ಪತ್ರೆಯಿಂದ ಇಕ್ಕೇರಿಯ ದೇವಸ್ಥಾನಕ್ಕೆ ಹೋದರು. ಪ್ರದಕ್ಷಿಣೆ ಹಾಕೋಣ ಅಂದವಳು ಅವಳೇ. ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ನೆರಳನ್ನು ಅವಳಿಗೆ ಬಿಟ್ಟುಕೊಟ್ಟು, ವಾಸಪ್ಪ ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ನಿಧಾನವಾಗಿ ನಡೆದರು. ಉಳಿದವರು ಕಾಲೆತ್ತಿ ಓಡುತ್ತಿದ್ದರು. ಈ ನಿಧಾನವೆಲ್ಲ ತನಗಾಗಿ ಎಂದು ಅವಳ ಎದೆ ತುಂಬಿತ್ತು.

ಆಮೇಲೆ ಅವರು ಬರಲೇ ಇಲ್ಲ. ಫೋನೂ ಎತ್ತಲಿಲ್ಲ.

ಯಾರೋ ನೋಡಿ ಆಡಿಕೊಂಡಿರಬೇಕು... ನನ್ನ ಜೊತೆ ಕಾಣಿಸಿಕೊಂಡದ್ದಕ್ಕೆ ನಾಚಿಕೆಯಾಗಿರಬೇಕು ಅವರಿಗೆ...

ಹೂವಮ್ಮ ಹಾಸಿಗೆ ಹಿಡಿದಳು. ಮಾತ್ರೆಯೂ ಬೇಡವಾಯಿತು. ಬದುಕಿ ಏನು ಮಾಡಬೇಕು?

ಮಗಳು ಹಟ ಹಿಡಿದು ಆಸ್ಪತ್ರೆಗೆ ಕರೆತಂದ ದಿನ, ಸಾಲಿನಲ್ಲಿ ಸಿಕ್ಕ, ಹೊಸನಗರದಲ್ಲಿ ಅವರ ನೆರೆಮನೆಯ ಮಾಸ್ತಪ್ಪ ಸುದ್ದಿ ಹೇಳಿದ. ವಾಸಪ್ಪನವರ ಕಾಲ್ಬೆರಳು ತೆಗೆದಿದ್ದರಂತೆ. ಇಕ್ಕೇರಿಯ ಕಲ್ಲು ಸುಟ್ಟು ಬೊಬ್ಬೆ ಎದ್ದರೂ ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದಕ್ಕೆ ಗೊತ್ತೇ ಆಗದೆ, ಗಾಯ ಕೊಳೆತಿತ್ತಂತೆ. ಈಗ ಮನೆ ಬಿಟ್ಟು ಹೊರಗೇ ಬರುವುದಿಲ್ಲವಂತೆ.

ಅಯ್ಯೋ... ಪ್ರದಕ್ಷಿಣೆ ಹಾಕಿಸಿದವಳು ನಾನೇ!

ತಪಾಸಣೆಯನ್ನೂ ಮಗಳನ್ನೂ ಅಲ್ಲಿಯೇ ಬಿಟ್ಟು ಅವಳು ಹೊಸನಗರದ ಬಸ್ ಹತ್ತಿದಳು.

ಅವರ ಬಾಡಿಗೆ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಮಂಚದ ಮೇಲೆ ಗಡ್ಡ ಬೆಳೆದ ಮುಖವೊಂದು ಗೋಡೆಯತ್ತ ತಿರುಗಿಕೊಂಡಿತು.

"ಎಂತಕ್ಕೆ ಬಂದ್ರಿ? ಹೋಗಿ."

"ನನ್ನಿಂದ ಆಗಿದ್ದು. ಬೈಯೋದಾದ್ರೆ ಬೈದುಬಿಡಿ."

"ನೀವು ಹಿಂಗೆ ಅಂದ್ಕೋತೀರಿ ಅಂತಲೇ ಹೇಳ್ಲಿಲ್ಲ." ಅವರ ಧ್ವನಿ ಒಡೆಯಿತು. "ಬೆರಳು ಹೋದ್ರೆ ಹೋಗ್ಲಿ, ಹೂವಮ್ಮ... ಬೆಳಗಾದ್ರೆ ಯಾಕಾದ್ರೂ ಬೆಳಗಾಯ್ತೋ ಅನ್ಸತ್ತೆ. ಇಂಥವನನ್ನ ನಿಮ್ಮ ಮೇಲೆ ಹೊರಿಸೋದಾ?"

"ನಂಗೂ ಹಂಗೇ ಅನ್ಸತ್ತೆ. ದಿನಾ."

ಯಾರ ಮುಂದೂ ಆಡದ ಮಾತನ್ನು ಅವಳು ಆಡಿಬಿಟ್ಟಿದ್ದಳು.

"ಡಾಕ್ಟ್ರ ಹತ್ರ ಸಕ್ಕರೆ ವಿಷಯ ಮಾತ್ರ ಹೇಳ್ತಿದ್ವಿ. ಇದನ್ನೂ ಹೇಳೋಣ. ಇಬ್ರೂ ಒಟ್ಟಿಗೆ ಹೋಗೋಣ."

ಅವರ ಹೆಗಲು ಅಲುಗುತ್ತಿತ್ತು. ಹೂವಮ್ಮ ನೆಲದ ಮೇಲೆ ಕೂತು ಅವರ ಬೆರಳು ಹೋಗದ ಇನ್ನೊಂದು ಪಾದವನ್ನು ಮಡಿಲಿಗೆ ತೆಗೆದುಕೊಂಡಳು. ಅವರು ಎಳೆದುಕೊಳ್ಳಲು ನೋಡಿದರು.

"ಸುಮ್ನಿರಿ. ಇಲ್ಲೂ ಗಾಯ ಆಗಿದ್ಯಾ ನೋಡ್ತಿದೀನಿ. ನಮ್ಮ ಅಂಗಾಲು ನಮಗೆ ಕಾಣಲ್ಲ."

ಅವರು ಗೋಡೆಯಿಂದ ಮುಖ ತಿರುಗಿಸಿ ಕೇಳಿದರು, "ನಿಮ್ಮದನ್ನ ಯಾರು ನೋಡ್ತಾರೆ?"

"ಯಾರೂ ಇಲ್ಲ. ನೀವು ನೋಡ್ತೀರಾ?"

ವಾಸಪ್ಪ ಕಣ್ಣೊರೆಸಿಕೊಂಡು ಎದ್ದು ಕೂತರು.

"ಕಿಟಕಿ ತೆಗೀರಿ ಹಂಗಾದ್ರೆ. ಕತ್ತಲಲ್ಲಿ ನಂಗೆ ಎಂತದೂ ಕಾಣಲ್ಲ."